ಪರೀಕ್ಷೆಯಲ್ಲಿ ಮೊಟ್ಟೆಗೆ ಹಸಿರು ಬಂದಿದೆ, ಮಗನಿಗೆ ಕೊಡಬಹುದಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮುಂದಿನ ತಿಂಗಳು ನಾಲ್ಕು ವರ್ಷ ತುಂಬುತ್ತದೆ. ಆರು ತಿಂಗಳ ಕೂಸಿದ್ದಾಗಿನಿಂದ ಇಸುಬು ಇದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ ಎಲ್ಲ ಕೆಂಪಾಗಿ ಒರಟಾಗಿದೆ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ. ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆದಿದ್ದರು. ಅದು ಹಚ್ಚಿದರೆ ರೋಗ ಒಳಗೆ ಹೋಗಿ ಉಬ್ಬಸ ಬರುತ್ತದೆ ಎಂದು ಅತ್ತೆಯವರು ಹೇಳಿದ್ದರಿಂದ ಬಿಟ್ಟೆವು. ಈಗ ನಾಲ್ಕು ತಿಂಗಳಿಂದ ಒಬ್ಬ ನಾಟಿ ವೈದ್ಯರ ಮುಲಾಮು ಹಚ್ಚುತ್ತಿದ್ದೇವೆ. ಹಚ್ಚಿದ ಮೂರೇ ದಿನಕ್ಕೆ ಚರ್ಮ ನುಣ್ಣಗಾಗುತ್ತದೆ. ಡಬ್ಬಿ ಮುಗಿದರೆ ವಾರದಲ್ಲಿ ಮೊದಲಿಗಿಂತ ಜಾಸ್ತಿ ಆಗುತ್ತದೆ. ಸ್ನಾನಕ್ಕೆ ಬೇವಿನ ಸೊಪ್ಪು ಕುದಿಸಿದ ನೀರು, ಸೋಪಿನ ಬದಲು ಕಡಲೆಹಿಟ್ಟು ಮತ್ತು ಅರಿಶಿನ, ಆಮೇಲೆ ಬಾದಾಮಿ ಎಣ್ಣೆ. ಎಂಟು ತಿಂಗಳ ಹಿಂದೆ ಸಾವಿರಾರು ರೂಪಾಯಿ ಕೊಟ್ಟು ರಕ್ತದಲ್ಲಿ ಆಹಾರದ ಪರೀಕ್ಷೆ ಮಾಡಿಸಿದೆವು. ಹಾಲು, ಗೋಧಿ, ತೊಗರಿಬೇಳೆ, ಶೇಂಗಾ ಎಲ್ಲಕ್ಕೂ ಕೆಂಪು ಬಂತು, ಎಲ್ಲ ನಿಲ್ಲಿಸಿದೆವು. ನಂಜು ಅಂತ ಬದನೆಕಾಯಿಯನ್ನೂ ಬಿಡಿಸಿದ್ದಾರೆ. ನನಗೂ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಅದೇ ಅವನಿಗೆ ಬಂದಿರಬೇಕು. ತೂಕ ಎಂಟು ತಿಂಗಳಲ್ಲಿ 12.4ರಿಂದ 12.6 ಕೆಜಿ ಆಗಿದೆ ಅಷ್ಟೆ. ಮೊಟ್ಟೆಗೆ ಮಾತ್ರ ಹಸಿರು ಬಂದಿದೆ, ಅದನ್ನಾದರೂ ಕೊಡೋಣ ಅಂತಿದ್ದೇವೆ. ವರ್ಷದ ಮಗುವಿದ್ದಾಗ ಒಮ್ಮೆ ಕೊಟ್ಟಾಗ ಹತ್ತು ನಿಮಿಷದಲ್ಲಿ ಬಾಯಿ ಸುತ್ತ ಗಂದೆ ಎದ್ದು ವಾಂತಿ ಆಗಿತ್ತು, ಆಮೇಲೆ ಕೊಟ್ಟಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ಬೇಕು ಅಂತ ಹಟ ಮಾಡುತ್ತಿದ್ದಾನೆ. ಏನು ಮಾಡಲಿ?
ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಮೊಟ್ಟೆ ಕೊಡಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ, ಇದೊಂದನ್ನು ಮಾತ್ರ ಇವತ್ತೇ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ.

ನಿಮ್ಮ ಇಡೀ ಪತ್ರದಲ್ಲಿ ಆಹಾರದ ಅಲರ್ಜಿಯ ನಿಜವಾದ ಗುರುತು ಇರುವುದು ಒಂದೇ ಕಡೆ. ನೀವು ಕೊನೆಗೆ ಬರೆದ ಆ ಮೊಟ್ಟೆಯ ಸಾಲಿನಲ್ಲಿ. ತಿಂದ ಹತ್ತು ನಿಮಿಷದಲ್ಲಿ ಗಂದೆ, ವಾಂತಿ. ಅಲರ್ಜಿ ಹೀಗೇ ಬರುತ್ತದೆ. ಸಾಮಾನ್ಯವಾಗಿ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ. ಇನ್ನೊಮ್ಮೆ ಕೊಟ್ಟಾಗ ಅಷ್ಟಕ್ಕೇ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

ಹಾಗಾದರೆ ಪರೀಕ್ಷೆಯಲ್ಲಿ ಹಸಿರು ಯಾಕೆ ಬಂತು? ನೀವು ಮಾಡಿಸಿದ್ದು ಐಜಿಜಿ ಎಂಬ ಪರೀಕ್ಷೆ ಇರಬೇಕು. ನೂರಾರು ಪದಾರ್ಥಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಹಾಕಿ ಕೊಡುವುದು ಅದೇ. ಐಜಿಜಿ ಎಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ. ನಾವು ತಿಂದ ಆಹಾರಕ್ಕೆ ದೇಹ ಅದನ್ನು ತಯಾರಿಸುವುದು ಸಹಜ. ಯಾವುದನ್ನು ದಿನಾ ತಿನ್ನುತ್ತೇವೋ ಅದಕ್ಕೆ ಜಾಸ್ತಿ ಇರುತ್ತದೆ. ಅದು ಪರಿಚಯದ ಗುರುತು, ದ್ವೇಷದ ಗುರುತಲ್ಲ. ನಿಮ್ಮ ಮಗ ಮೂರು ವರ್ಷ ದಿನಾ ಹಾಲು, ಚಪಾತಿ, ತೊಗರಿಬೇಳೆ ಸಾರು, ಶೇಂಗಾ ಚಟ್ನಿ ತಿಂದಿದ್ದ. ಅದಕ್ಕೇ ಅವು ಕೆಂಪು. ಆ ಒಂದು ಸಲ ಬಿಟ್ಟರೆ ಮೊಟ್ಟೆ ಹೊಟ್ಟೆಗೇ ಹೋಗಿರಲಿಲ್ಲ, ಅದಕ್ಕೇ ಹಸಿರು. ಯುರೋಪ್ ಮತ್ತು ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಆಹಾರ ಆಗುತ್ತದೋ ಇಲ್ಲವೋ ಎಂದು ತಿಳಿಯಲು ಈ ಪರೀಕ್ಷೆ ಮಾಡಿಸಬೇಡಿ ಎಂದು ಹಿಂದಿನಿಂದಲೂ ಹೇಳುತ್ತಲೇ ಇವೆ. ಕ್ಲಿನಿಕ್ಕಿಗೆ ಈ ಬಣ್ಣದ ಹಾಳೆ ಹಿಡಿದು ಬರುವ ತಂದೆತಾಯಿ ಈಗ ಹೆಚ್ಚಾಗಿದ್ದಾರೆ. ದುಡ್ಡು ಹೋದದ್ದಕ್ಕಿಂತ, ಆ ಹಾಳೆ ನೋಡಿಕೊಂಡು ಮಗುವಿನ ತಟ್ಟೆ ಖಾಲಿ ಮಾಡುವುದು ನನಗೆ ಸಂಕಟ.

ಅಲರ್ಜಿಗೆ ಸಂಬಂಧಿಸಿದ್ದು ಐಜಿಇ ಎಂಬ ಇನ್ನೊಂದು ಪ್ರತಿಕಾಯ, ಅದು ಬೇರೆ. ಅದರಲ್ಲೂ ಎಚ್ಚರ ಬೇಕು. ಬೆಂಗಳೂರು, ಮೈಸೂರು ಭಾಗದ ದೊಡ್ಡವರ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಯಾವುದೋ ಒಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಕಂಡದ್ದು ನೂರರಲ್ಲಿ ಸುಮಾರು 26 ಜನಕ್ಕೆ. ತಿಂದಾಗ ಅಲರ್ಜಿ ಆಗುವ ಸಂಭವ ಇದ್ದದ್ದು ನೂರರಲ್ಲಿ ಒಬ್ಬರಿಗೆ, ಹೆಚ್ಚುಕಡಿಮೆ. ಅಂದರೆ ಯಾವ ರಕ್ತಪರೀಕ್ಷೆಯೂ ತಾನೊಂದೇ ತೀರ್ಪು ಕೊಡಲಾರದು. ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬ ನಿಮ್ಮ ನೆನಪೇ ಮೊದಲ ಪರೀಕ್ಷೆ.

ನಿಮ್ಮ ಹೊಟ್ಟೆ ಉಬ್ಬರದ ವಿಷಯ ಬೇರೆಯದೇ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಅದರಿಂದ ಗ್ಯಾಸ್, ಗುಡುಗುಡು, ಭೇದಿ. ಚರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೊಸರು, ಮಜ್ಜಿಗೆ ನಿಮಗೆ ಸಲೀಸಾಗಿ ಅರಗಬಹುದು. ಇದು ಮಗನಿಗೆ ಇಸುಬಾಗಿ ಬರುವುದಿಲ್ಲ. ನಿಮ್ಮಿಂದ ಬಂತು ಎಂಬ ಕೊರಗನ್ನು ದಯವಿಟ್ಟು ಬಿಡಿ.

ಹಾಗಾದರೆ ಇಸುಬು ಎಲ್ಲಿಂದ ಬಂತು? ಆರೋಗ್ಯವಾದ ಚರ್ಮ ಒಂದು ಗೋಡೆ ಇದ್ದ ಹಾಗೆ. ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಇಸುಬು ಇರುವ ಮಕ್ಕಳಲ್ಲಿ ಆ ಗಾರೆ ಹುಟ್ಟಿನಿಂದಲೇ ಸಡಿಲ. ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತವೆ. ಚರ್ಮ ಉರಿಯುತ್ತದೆ, ಮಗು ಕೆರೆಯುತ್ತದೆ, ಕೆರೆದಷ್ಟೂ ಗೋಡೆ ಬಿರಿಯುತ್ತದೆ. ಈ ಗೋಡೆಯನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಂಭವ ಜಾಸ್ತಿ ಎಂದು 2006ರಲ್ಲಿ ಗೊತ್ತಾಯಿತು. ರಕ್ತ ಕೆಟ್ಟಿದೆ, ಹೊಟ್ಟೆಯಲ್ಲಿ ಉಷ್ಣ ಇದೆ ಎಂದು ನಾವು ಒಳಗೆ ಹುಡುಕುತ್ತಿದ್ದೆವು. ತೊಂದರೆ ಶುರುವಾಗುವುದು ಬಹುಪಾಲು ಚರ್ಮದಲ್ಲೇ.

ಆಹಾರದ ಪಾತ್ರ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇಸುಬು ಜೋರಾಗಿರುವ ಚಿಕ್ಕ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಯಾವುದಾದರೂ ಆಹಾರದ ಅಲರ್ಜಿಯೂ ಇರುತ್ತದೆ ಎಂದು ಹೊರದೇಶಗಳ ಲೆಕ್ಕ ಹೇಳುತ್ತದೆ. ಆದರೆ ಎಷ್ಟೋ ಸಲ ಆಹಾರದಿಂದ ಇಸುಬು ಬಂದಿರುವುದಿಲ್ಲ, ಒಡೆದ ಚರ್ಮದಿಂದ ಆಹಾರದ ಅಲರ್ಜಿ ಬಂದಿರುತ್ತದೆ. ಬಾಯಿಂದ ಹೋದ ಆಹಾರವನ್ನು ದೇಹ ನೆಂಟನ ಹಾಗೆ ಬರಮಾಡಿಕೊಳ್ಳುತ್ತದೆ. ಅದೇ ಆಹಾರ ಬಿರಿದ ಚರ್ಮದ ಮೂಲಕ ನುಗ್ಗಿದರೆ ಕಳ್ಳ ಎಂದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಶೇಂಗಾ ಎಣ್ಣೆ ಬೆರೆಸಿದ ಕ್ರೀಮು ಹಚ್ಚಿಸಿಕೊಂಡ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚಾಗಿದ್ದು 2003ರಲ್ಲಿ ಕಂಡುಬಂತು. ಜಪಾನಿನಲ್ಲಿ ಗೋಧಿ ಪ್ರೋಟೀನು ಬೆರೆಸಿದ ಒಂದು ಮುಖದ ಸೋಪು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿನ್ನಲಾಗದ ಹಾಗಾಯಿತು. ಮೊದಲು ಅವರು ಗೋಧಿಯನ್ನು ಆರಾಮಾಗಿ ತಿನ್ನುತ್ತಿದ್ದವರು! ಇನ್ನೊಂದು ಕಡೆ, 2015ರಲ್ಲಿ ಬಂದ ಲಂಡನ್ನಿನ ಅಧ್ಯಯನ ನೋಡಿ. ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಶೇಂಗಾ ಪದಾರ್ಥ ತಿನ್ನಿಸುತ್ತಾ ಬಂದರು, ಇನ್ನರ್ಧಕ್ಕೆ ಪಥ್ಯ ಮಾಡಿಸಿದರು. ಐದು ವರ್ಷ ತುಂಬಿದಾಗ ಶೇಂಗಾ ಅಲರ್ಜಿ ಹೆಚ್ಚು ಕಂಡದ್ದು ಪಥ್ಯ ಮಾಡಿದವರಲ್ಲಿ.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ಶೇಂಗಾ, ಬೇಳೆ ಬಾಯಿಗೆ ಬೇಡ ಎಂದಿದ್ದೀರಿ. ಕಡಲೆಹಿಟ್ಟು, ಬಾದಾಮಿ ಎಣ್ಣೆಯನ್ನು ಕೆರೆದು ಗಾಯವಾದ ಚರ್ಮಕ್ಕೆ ದಿನಾ ಉಜ್ಜುತ್ತಿದ್ದೀರಿ. ಪೂರ್ತಿ ಉಲ್ಟಾ ಆಗಿದೆ, ಅಲ್ವಾ? ಕಡಲೆಹಿಟ್ಟಿನಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನೇ. ಅದನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಮಾಡಿದ್ದೀರಿ, ನನಗೆ ಗೊತ್ತು. ನಮ್ಮಲ್ಲಿ ಎಲ್ಲ ಕೂಸುಗಳಿಗೂ ಹಾಗೇ ಎರೆಯುತ್ತಾರೆ. ಗಟ್ಟಿ ಚರ್ಮದ ಮಗುವಿಗೆ ಅದು ನಡೆಯುತ್ತದೆ, ನಿಮ್ಮವನಿಗೆ ಆಗುವುದಿಲ್ಲ.

ಬದನೆಕಾಯಿಯ ನಂಜಿನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು 741 ಜನರನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು 9 ಜನ ಬದನೆ ತಿಂದರೆ ತುರಿಕೆಯಂಥ ತೊಂದರೆ ಆಗುತ್ತದೆ ಎಂದರು. ಪರೀಕ್ಷೆ ಮಾಡಿದಾಗ ಅಲರ್ಜಿ ಎಂದು ಗಟ್ಟಿಯಾದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬದನೆಯಲ್ಲೇ ತುರಿಕೆ ತರುವ ಹಿಸ್ಟಮಿನ್ ಎಂಬ ಪದಾರ್ಥ ಇದೆ, ಹಾಗಾಗಿ ಕೆಲವರಿಗೆ ನಾಲಿಗೆ, ಗಂಟಲು ಕೆರೆಯುತ್ತದೆ. ನಿಮ್ಮ ಮಗನಿಗೆ ಬದನೆ ತಿಂದ ದಿನ ಏನೂ ಆಗಿಲ್ಲವಾದರೆ ಬಿಡಿಸುವ ಕಾರಣ ಇಲ್ಲ. ಆದರೆ ಇದೊಂದನ್ನು ಹಿರಿಯರ ಮನಸ್ಸಿಗೋಸ್ಕರ ಬಿಟ್ಟರೂ ನಷ್ಟವಿಲ್ಲ. ಬದನೆಕಾಯಿ ಇಲ್ಲದೆ ಮಗು ಬೆಳೆಯುತ್ತದೆ. ಹಾಲು, ಬೇಳೆ, ಗೋಧಿ, ಶೇಂಗಾ ನಾಲ್ಕೂ ಇಲ್ಲದೆ ಬೆಳೆಯುವುದು ಕಷ್ಟ. ನಾಲ್ಕು ವರ್ಷದ ಗಂಡುಮಗುವಿನ ಸರಾಸರಿ ತೂಕ 16 ಕೆಜಿ ಚಿಲ್ಲರೆ. 12.6 ಎಂದರೆ ನಾವು ಡಾಕ್ಟರುಗಳು ಕೆಂಪು ಗೆರೆ ಎನ್ನುವ ಜಾಗ. ಇಸುಬಿಗಿಂತ ಮೊದಲು ನನಗೆ ಕಾಣುತ್ತಿರುವುದು ಈ ತೂಕ.

ಇನ್ನು ಆ ಡಬ್ಬಿ.

ಇಂಥ ಡಬ್ಬಿಗಳನ್ನು ನಾನು ಬಹಳ ನೋಡಿದ್ದೇನೆ. ಸುಣ್ಣದ ಡಬ್ಬಿಯಷ್ಟು ಚಿಕ್ಕದು, ಮೇಲೆ ಚೀಟಿ ಇಲ್ಲ. ಮುಚ್ಚಳ ತೆಗೆದರೆ ಕರ್ಪೂರದ ವಾಸನೆ, ಒಳಗೆ ಬೆಣ್ಣೆಯಂಥ ಬಿಳಿ ಮುಲಾಮು. ಒಬ್ಬ ತಂದೆ ಹೀಗೇ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟು, "ಇದೊಂದೇ ಕೆಲಸ ಮಾಡೋದು ಮೇಡಂ, ಬರೀ ಗಿಡಮೂಲಿಕೆ" ಎಂದಿದ್ದರು. ಮಗಳ ಅಂಗಿ ಸರಿಸಿ ನೋಡಿದೆ. ಕಂಕುಳ ಹತ್ತಿರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಒಳಗಿನ ನರ ನೀಲಿಯಾಗಿ ಕಾಣುತ್ತಿತ್ತು. ತೊಡೆಯ ಸಂದಿಯಲ್ಲಿ ಬಸುರಿಯರ ಹೊಟ್ಟೆ ಮೇಲೆ ಬರುವಂಥ ಗೆರೆಗಳು. ಆರು ವರ್ಷದ ಹುಡುಗಿ ಅದು. ಸ್ಟೀರಾಯ್ಡ್ ಬೇಡ ಎಂದು ಓಡಿಹೋದವರಿಗೆ ಅತಿ ಜೋರಿನ ಸ್ಟೀರಾಯ್ಡೇ ಸಿಕ್ಕಿತ್ತು, ಹೆಸರಿಲ್ಲದೆ, ಅಳತೆಯಿಲ್ಲದೆ.

ಮೂರು ದಿನಕ್ಕೆ ನುಣ್ಣಗಾಗುವುದು, ಬಿಟ್ಟ ವಾರಕ್ಕೆ ಎರಡರಷ್ಟಾಗುವುದು, ಇವೆರಡೂ ಜೊತೆಗಿದ್ದರೆ ನನ್ನ ಅನುಮಾನ ಅಲ್ಲಿಗೇ ಹೋಗುತ್ತದೆ. ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಸುಬಿಗೆ ಮಾರುತ್ತಿದ್ದ 24 ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೀರಾಯ್ಡ್ ಸಿಕ್ಕಿತು. 2003ರ ಮಾತು. ನಿಮ್ಮ ಡಬ್ಬಿಯಲ್ಲಿ ಏನಿದೆ ಎಂದು ನೋಡದೆ ನಾನು ಖಚಿತವಾಗಿ ಹೇಳಲಾರೆ. ಆದರೆ ನಾಲ್ಕು ತಿಂಗಳು ಹಚ್ಚಿದ್ದನ್ನು ಒಮ್ಮೆಲೇ ನಿಲ್ಲಿಸಬೇಡಿ. ಜೋರಿನ ಸ್ಟೀರಾಯ್ಡ್ ಆಗಿದ್ದರೆ ಚರ್ಮ ಭುಗಿಲೇಳುತ್ತದೆ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕಡಿಮೆಯಾಗಿರುವ ಸಾಧ್ಯತೆಯೂ ಇದೆ. ಡಬ್ಬಿಯನ್ನು ಎಸೆಯದೆ ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಒಯ್ಯಿರಿ. ಎಷ್ಟು ದಿನಕ್ಕೆ ಒಂದು ಡಬ್ಬಿ ಖಾಲಿಯಾಗುತ್ತಿತ್ತು, ಮುಖಕ್ಕೂ ಹಚ್ಚಿದಿರಾ ಎಂಬುದನ್ನು ಮುಚ್ಚಿಡದೆ ಹೇಳಿ. ಬೈಯುವ ಡಾಕ್ಟರಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

ಡಾಕ್ಟರು ಬರೆಯುವ ಸ್ಟೀರಾಯ್ಡಿಗೂ ಇದಕ್ಕೂ ವ್ಯತ್ಯಾಸ ಏನು? ಜೋರು ಎಷ್ಟು, ಯಾವ ಜಾಗಕ್ಕೆ, ಎಷ್ಟು ದಿನ ಎಂಬ ಲೆಕ್ಕ. ಮುಖ, ಕುತ್ತಿಗೆಗೆ ಮೆಲುವಾದದ್ದು, ಮಂಡಿ, ಮೊಣಕೈಗೆ ನಡುವಿನದು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ ಆಗುತ್ತದೆ. ಅದು ದೊಡ್ಡವರ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಸಾಕು. ಹೆದರಿ ಚಿಟಿಕೆಯಷ್ಟು ಹಚ್ಚಿ ಎರಡು ದಿನಕ್ಕೆ ಬಿಡುವುದರಿಂದಲೇ ಎಷ್ಟೋ ಮಕ್ಕಳ ಇಸುಬು ವರ್ಷಗಟ್ಟಲೆ ಎಳೆಯುತ್ತದೆ. ಚರ್ಮ ಸರಿಹೋದ ಮೇಲೆ, ಪದೇ ಪದೇ ಏಳುವ ಜಾಗಕ್ಕೆ ಮಾತ್ರ ವಾರಕ್ಕೆ ಎರಡು ದಿನ ಹಚ್ಚುವ ಕ್ರಮವೂ ಇದೆ. ಸ್ಟೀರಾಯ್ಡ್ ಬೇಡವೇ ಬೇಡ ಅನ್ನಿಸಿದರೆ ಟ್ಯಾಕ್ರೊಲಿಮಸ್ ಮುಲಾಮು ಇದೆ. ಎರಡು ವರ್ಷ ದಾಟಿದ ಮಕ್ಕಳಿಗೆ 0.03 ಶೇಕಡಾದ್ದನ್ನು ಕೊಡುತ್ತೇವೆ. ಚರ್ಮ ತೆಳ್ಳಗಾಗುವುದಿಲ್ಲ. ಮೊದಲ ಕೆಲವು ದಿನ ಉರಿಯುತ್ತದೆ, ದುಬಾರಿ ಕೂಡ.

ರೋಗ ಒಳಗೆ ಹೋಗಿ ಉಬ್ಬಸ ಬರುತ್ತದೆ ಎಂಬ ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಅವರು ಕಣ್ಣಾರೆ ಕಂಡಿರುತ್ತಾರೆ. ಇಸುಬು ಇದ್ದ ಮಗು, ಮುಲಾಮು ಹಚ್ಚಿದರು, ಇಸುಬು ಇಳಿಯಿತು, ಶಾಲೆಗೆ ಹೋಗುವ ಹೊತ್ತಿಗೆ ಉಬ್ಬಸ ಶುರುವಾಯಿತು. ನೋಡಿದ್ದು ನಿಜ, ಕಾರಣ ಬೇರೆ. ಇಸುಬು, ಉಬ್ಬಸ, ಅಲರ್ಜಿಯ ನೆಗಡಿ ಮೂರೂ ಒಂದೇ ಬೇರಿನವು. ಇಸುಬು ಮೊದಲು ಬರುತ್ತದೆ, ಉಬ್ಬಸ ಕೆಲವು ಮಕ್ಕಳಿಗೆ ಆಮೇಲೆ ಬರುತ್ತದೆ. ಮುಲಾಮು ಹಚ್ಚದ ಮಕ್ಕಳಿಗೂ ಬರುತ್ತದೆ. ಚರ್ಮದಿಂದ ಶ್ವಾಸಕೋಶಕ್ಕೆ ರೋಗವನ್ನು ಓಡಿಸುವ ಶಕ್ತಿ ಯಾವ ಮುಲಾಮಿಗೂ ಇಲ್ಲ. ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಮಗುವಿನ ಬೆನ್ನು ಸವರುತ್ತಾ ಕೂರುವವರು ಅವರೂ ಹೌದು.

ಮನೆಮದ್ದು ಎಲ್ಲ ಬಿಡಿ ಎಂದು ನಾನು ಹೇಳುವುದಿಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಇಸುಬಿನ 117 ಮಕ್ಕಳಿಗೆ ಎಂಟು ವಾರ, ಅರ್ಧದಷ್ಟು ಜನಕ್ಕೆ ವರ್ಜಿನ್ ತೆಂಗಿನೆಣ್ಣೆ, ಉಳಿದವರಿಗೆ ಮಿನರಲ್ ಆಯಿಲ್ ಹಚ್ಚಿ ನೋಡಿದರು. ತೆಂಗಿನೆಣ್ಣೆ ಹಚ್ಚಿದವರು ಜಾಸ್ತಿ ಚೇತರಿಸಿಕೊಂಡರು. ಇದನ್ನು 2014ರಲ್ಲಿ ಓದಿದಾಗ ನಮ್ಮ ಮನೆಯ ಎಣ್ಣೆಗಿಂಡಿ ನೆನಪಾಗಿ ಖುಷಿಯಾಗಿತ್ತು. ಅದೂ ಊಟದ್ದೇ ಅಲ್ವಾ ಎಂದು ನೀವು ಕೇಳಬಹುದು. ಎಣ್ಣೆಯಲ್ಲಿ ಪ್ರೋಟೀನು ತೀರಾ ಕಡಿಮೆ, ತೆಂಗಿನ ಅಲರ್ಜಿಯೂ ಅಪರೂಪ. ಗಾಯವಿಲ್ಲದ, ಒಣಗಿದ ಚರ್ಮಕ್ಕೆ ಹಚ್ಚಿ. ನೀರು ಒಸರುವ ಕಡೆ ಬೇಡ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎರಡೂ ಬೇಡ, ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಬೇವಿನ ನೀರು ಚರ್ಮವನ್ನು ಒಣಗಿಸುತ್ತದೆ, ನಿಲ್ಲಿಸಿ. ಬೇವಿನ ಎಣ್ಣೆಯನ್ನಂತೂ ಯಾರೇ ಹೇಳಿದರೂ ಒಂದು ಚಮಚವನ್ನೂ ಮಗುವಿಗೆ ಕುಡಿಸಬೇಡಿ. ಫಿಟ್ಸ್ ಬಂದು ಮಿದುಳಿಗೆ ಏಟಾದ ಮಕ್ಕಳ ವರದಿಗಳಿವೆ. ಭಸ್ಮ, ರಸೌಷಧಿಗಳಲ್ಲಿ ಸೀಸ, ಪಾದರಸ ಇರಬಹುದು. ಬಾಸ್ಟನ್ ನಗರದಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಇಂಥ ಲೋಹ ಸಿಕ್ಕಿದ್ದು 2004ರಲ್ಲಿ ವರದಿಯಾಯಿತು. ಇಷ್ಟು ಕಡಿಮೆ ತೂಕದ ಮಗುವಿಗೆ ಅವನ್ನು ನಾನು ಒಪ್ಪುವುದಿಲ್ಲ.

ದಿನದ ಆರೈಕೆ ಇಷ್ಟೇ. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಮೈ ಇನ್ನೂ ತೇವ ಇರುವಾಗಲೇ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನೋ ವಾಸನೆಯಿಲ್ಲದ ಗಟ್ಟಿ ಮಾಯಿಶ್ಚರೈಸರನ್ನೋ ಮೈತುಂಬ ಹಚ್ಚಿ, ಬರೀ ಕೆಂಪಾದ ಜಾಗಕ್ಕಲ್ಲ. ವಾರಕ್ಕೆ 200ರಿಂದ 250 ಗ್ರಾಂ ಖಾಲಿಯಾಗಬೇಕು. ನನ್ನ ಹತ್ತಿರ ಬರುವವರು 50 ಗ್ರಾಂ ಡಬ್ಬಿಯನ್ನು ತಿಂಗಳು ಎಳೆಯುತ್ತಾರೆ, ಆಮೇಲೆ ಪ್ರಯೋಜನವಿಲ್ಲ ಎನ್ನುತ್ತಾರೆ. ದೊಡ್ಡ ಡಬ್ಬಿ ಕೊಂಡರೆ ಅಗ್ಗ. ಉಗುರು ಚಿಕ್ಕದಾಗಿ ಕತ್ತರಿಸಿ, ಹತ್ತಿ ಬಟ್ಟೆ ಹಾಕಿ.

ಹಳದಿ ಹಕ್ಕಳೆ ಕಟ್ಟಿ ಕೀವು ಬಂದರೆ ಆ ದಿನವೇ ಡಾಕ್ಟರಿಗೆ ತೋರಿಸಿ. ಜ್ವರದ ಜೊತೆ ಚುಚ್ಚಿ ತೆಗೆದಂಥ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್ ಎಂಬ ವೈರಸ್ಸಿನ ಸೋಂಕು ಇರಬಹುದು, ಬೆಳಗಾಗಲಿ ಎಂದು ಕಾಯಬೇಡಿ. ಏನಾದರೂ ತಿಂದ ಮೇಲೆ ತುಟಿ ಊದಿ, ಉಸಿರು ಕಟ್ಟಿದರೆ ನೇರ 108ಕ್ಕೆ ಫೋನ್ ಮಾಡಿ. ಅಲ್ಲಿ ಮೊದಲು ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆ ಅಲ್ಲ.

ಬಿಡಿಸಿದ ಆಹಾರವನ್ನು ವಾಪಸ್ ತರುವುದಕ್ಕೂ ಒಂದು ಕ್ರಮ ಇದೆ. ನಾಳೆಯೇ ಒಂದು ಲೋಟ ಹಾಲು ಕೊಟ್ಟುಬಿಡಬೇಡಿ. ಇಸುಬಿನ ಮಕ್ಕಳಿಗೆ ತಿಂಗಳುಗಟ್ಟಲೆ ಬಿಡಿಸಿದ ಆಹಾರವನ್ನು ಮತ್ತೆ ಕೊಟ್ಟಾಗ, ಮೊದಲಿಲ್ಲದ ಅಲರ್ಜಿ ಒಮ್ಮೆಲೇ ಕಾಣಿಸಿಕೊಂಡದ್ದುಂಟು. ಸುಮ್ನೆ ಪಥ್ಯ ಮಾಡುವುದರ ದೊಡ್ಡ ಅಪಾಯ ಇದೇ. ಈ ವಾರ ಮಕ್ಕಳ ಡಾಕ್ಟರಿಗೆ ತೂಕ ತೋರಿಸಿ, ಚರ್ಮದ ಮೇಲೆ ಚುಚ್ಚಿ ಮಾಡುವ ಪ್ರಿಕ್ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಕೇಳಿ. ಮೊಟ್ಟೆ, ಹಾಲು, ಶೇಂಗಾ ಮೂರಕ್ಕೇ ಸಾಕು. ಹಾಲು ಮತ್ತು ಶೇಂಗಾದ ಮೊದಲ ತುತ್ತು ಆಸ್ಪತ್ರೆಯಲ್ಲೇ ಆಗಲಿ. ಮೂರು ನಾಲ್ಕು ವಾರದಲ್ಲಿ ಚರ್ಮ ಶಾಂತವಾಗುತ್ತದೆ. ಆಗ ಡಾಕ್ಟರನ್ನು ಕೇಳಿಕೊಂಡು ಮೊದಲು ತೊಗರಿಬೇಳೆ, ಆಮೇಲೆ ಗೋಧಿ, ಒಂದೊಂದಕ್ಕೆ ಒಂದೊಂದು ವಾರ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಏನು ಕೊಟ್ಟಿರಿ, ರಾತ್ರಿ ಎಷ್ಟು ಕೆರೆದ ಎಂದು ಬರೆದಿಡಿ. ಅಲ್ಲಿಯವರೆಗೆ ಹೆಸರುಬೇಳೆ ಜಾಸ್ತಿ ಹಾಕಿದ ಪೊಂಗಲ್, ರಾಗಿ ಅಂಬಲಿ, ಮೇಲೆ ತುಪ್ಪದ ಬದಲು ತೆಂಗಿನೆಣ್ಣೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಾಂಸ ತಿನ್ನುವ ಮನೆಯಾದರೆ ಕೋಳಿ ಕೊಡಬಹುದು. ಮೊಟ್ಟೆ ಆಗದವರಲ್ಲಿ ಹೆಚ್ಚಿನವರಿಗೆ ಕೋಳಿ ಆಗುತ್ತದೆ.

ಕೇಕ್ ಈ ವರ್ಷ ಆಗುವುದಿಲ್ಲ. ಗೋಧಿ, ಹಾಲು, ಮೊಟ್ಟೆ ಮೂರೂ ಒಂದೇ ತುಂಡಿನಲ್ಲಿ ಇರುತ್ತವೆ. ಮೊಟ್ಟೆಯ ಅಲರ್ಜಿ ಬಹಳ ಮಕ್ಕಳಲ್ಲಿ ದೊಡ್ಡವರಾಗುತ್ತಾ ಹೋಗುತ್ತದೆ. ಚೆನ್ನಾಗಿ ಬೇಯಿಸಿದ ಕೇಕಿನಲ್ಲಿ ಇರುವ ಮೊಟ್ಟೆ ಅದಕ್ಕಿಂತ ಮೊದಲೇ ಒಗ್ಗುವುದೂ ಉಂಟು, ಆದರೆ ಅದನ್ನು ನೋಡಬೇಕಾದ್ದು ಆಸ್ಪತ್ರೆಯಲ್ಲಿ. ಮುಂದಿನ ತಿಂಗಳಿಗೆ ಅಕ್ಕಿಹಿಟ್ಟಿನ ಕಡುಬು ಮಾಡಿ. ಕಾಯಿ, ಬೆಲ್ಲದ ಹೂರಣ ತುಂಬಿ, ತಟ್ಟೆಯಲ್ಲಿ ಗೋಪುರದ ಹಾಗೆ ಜೋಡಿಸಿ, ತುದಿಗೆ ಮೇಣದಬತ್ತಿ ಸಿಗಿಸಿ. ಬಂದ ಮಕ್ಕಳಿಗೆಲ್ಲ ಅದನ್ನೇ ಕೊಡಿ, ಅವನೊಬ್ಬನಿಗೆ ಬೇರೆ ತಟ್ಟೆ ಇಡಬೇಡಿ.